ಮಿಕ್ಕಿದ್ದೆಲ್ಲ ಕಲಬೆರಕೆನಾ?

ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ಬೆಳಿಗ್ಗೆ ಬೆಳಿಗ್ಗೆನೇ ಅಡುಗೆಮನೆಯಿಂದ ಕುಟ್ಟಾಣಿಯ ಸದ್ದು ಕೇಳಿಸಿತು. ಒಬ್ಬಟ್ಟಿಗೆ ಏಲಕ್ಕಿ ಕುಟ್ಟುತ್ತಿರಬೇಕು ಅಂದುಕೊಂಡು ಹೋಗಿ ನೋಡಿದರೆ ಅಮ್ಮ ಕ್ಯಾಪ್ಸೂಲ್ ಕುಟ್ಟುತ್ತಿದ್ದಳು! ಎದೆ ಉರಿಗೆ ಅಂತ ಡಾಕ್ಟರು ಬರೆದುಕೊಟ್ಟಿದ್ದ ಒಮೆಪ್ರಜೋಲ್. ಇಡೀ ಕ್ಯಾಪ್ಸೂಲ್ ಗಂಟಲಲ್ಲಿ ಇಳಿಯಲ್ಲ ಅಂತ ಅದನ್ನು ಬಿಚ್ಚಿ, ಒಳಗಿದ್ದ ಬಿಳಿ ಕಾಳುಗಳನ್ನು ಕುಟ್ಟಾಣಿಗೆ ಸುರಿದು, ನುಣ್ಣಗೆ ಪುಡಿ ಮಾಡಿ, ಜೇನುತುಪ್ಪದಲ್ಲಿ ಕಲಸಿ ನೆಕ್ಕುವುದು ಆಕೆಯ ಪದ್ಧತಿ. ಎರಡು ತಿಂಗಳಿಂದ ಹೀಗೇ ನಡೆದಿದೆ. "ಆದ್ರೂ ಉರಿ ಕಮ್ಮಿ ಆಗ್ಲಿಲ್ಲ ಕಣಪ್ಪ. ಆ ಡಾಕ್ಟ್ರ ಕೈಗುಣಾನೇ ಸರಿ ಇಲ್ಲ" ಅಂತ ದೂರು ಬೇರೆ.

ಡಾಕ್ಟರ ಕೈಗುಣ ಸರಿಯಾಗೇ ಇತ್ತು. ಎಡವಟ್ಟಾಗಿದ್ದು ಕುಟ್ಟಾಣಿಯಲ್ಲಿ. ಒಮೆಪ್ರಜೋಲ್‌ಗೆ ಆಮ್ಲ ಅಂದರೆ ಆಗದು. ಹೊಟ್ಟೆಯ ಆಮ್ಲ ತಗುಲಿದರೆ ಕೆಲವೇ ನಿಮಿಷಗಳಲ್ಲಿ ಹಾಳಾಗುತ್ತದೆ. ಹೊಟ್ಟೆಯನ್ನು ದಾಟಿ ಕರುಳು ಸೇರುವವರೆಗೂ ಅದನ್ನು ಕಾಪಾಡಲೆಂದೇ ಪ್ರತಿ ಕಾಳಿನ ಮೇಲೂ ಒಂದು ಕವಚ ಹೊದಿಸಿರುತ್ತಾರೆ. ಅಮ್ಮ ಆ ಕವಚವನ್ನು ದಿನಾ ಒಡೆದು ಪುಡಿ ಮಾಡಿ ತಿನ್ನುತ್ತಿದ್ದಳು. ಅದನ್ನು ವಿವರಿಸುವಾಗ ಬಾಯಿತಪ್ಪಿ ಇನ್ನೊಂದು ಮಾತನ್ನೂ ಹೇಳಿಬಿಟ್ಟೆ: ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಒಮೆಪ್ರಜೋಲ್ ಕಾಳುಗಳಲ್ಲಿ ಔಷಧ ಇರುವುದು ನೂರಕ್ಕೆ ಎಂಟೂವರೆ ಪಾಲು ಮಾತ್ರ. ಅಮ್ಮ ಕುಟ್ಟಾಣಿ ಕೆಳಗಿಟ್ಟು ಕೇಳಿದಳು: "ಹಂಗಾದ್ರೆ ಮಿಕ್ಕಿದ್ದೆಲ್ಲ ಕಲಬೆರಕೆನಾ?"

ಆಗ ಏನೋ ಒಂದು ಹೇಳಿ ಜಾರಿಕೊಂಡೆ. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಓದುತ್ತಾ ಹೋದಂತೆ ಗೊತ್ತಾಯಿತು: ಮಾತ್ರೆಯ ಚರಿತ್ರೆ ಅಂದರೆ ಮುಕ್ಕಾಲು ಪಾಲು ಈ 'ಮಿಕ್ಕಿದ್ದರ' ಚರಿತ್ರೆಯೇ.

ಫಾರ್ಮಸಿಯವರು ಈ ಮಿಕ್ಕಿದ್ದಕ್ಕೆ ಎಕ್ಸಿಪಿಯೆಂಟ್ ಅನ್ನುತ್ತಾರೆ. ಪದದ ಬೇರು ಲ್ಯಾಟಿನ್. ಅರ್ಥ ಹೆಚ್ಚುಕಮ್ಮಿ 'ತನ್ನೊಳಗೆ ತೆಗೆದುಕೊಳ್ಳುವುದು'. ಕಾಯಿಲೆ ವಾಸಿ ಮಾಡುವುದು ಅದರ ಕೆಲಸವಲ್ಲ. ವಾಸಿ ಮಾಡುವ ಅಣುವನ್ನು ಹಿಡಿದಿಡುವುದು, ಆಕಾರ ಕೊಡುವುದು, ಸರಿಯಾದ ಜಾಗದಲ್ಲಿ ಸರಿಯಾದ ಹೊತ್ತಿಗೆ ಬಿಡುವುದು ಅದರ ಕೆಲಸ. ಇವುಗಳಲ್ಲಿ ಬಹಳಷ್ಟು ಪಾಲಿಮರ್‌ಗಳು. ಪಾಲಿಮರ್ ಅಂದ ಕೂಡಲೇ ನಮಗೆ ಪ್ಲಾಸ್ಟಿಕ್ ಬಕೆಟ್ ನೆನಪಾಗುತ್ತೆ. ಆದರೆ ಒಂದೇ ಥರದ ಚಿಕ್ಕ ಅಣುಗಳು ಮಣಿಸರದ ಹಾಗೆ ಉದ್ದಕ್ಕೆ ಪೋಣಿಸಿಕೊಂಡರೆ ಅದು ಪಾಲಿಮರ್, ಅಷ್ಟೇ. ಹತ್ತಿ, ಗಂಜಿ, ಜಾಲಿ ಮರದ ಅಂಟು, ಹಣ್ಣಿನ ಜಾಮ್ ಗಟ್ಟಿಯಾಗಿಸುವ ಪೆಕ್ಟಿನ್, ಎಲ್ಲವೂ ಪ್ರಕೃತಿಯೇ ಪೋಣಿಸಿದ ಸರಗಳು.

ಔಷಧವನ್ನು ಉಂಡೆ ಕಟ್ಟುವ ಕೆಲಸ ಎಷ್ಟು ಹಳೆಯದು ಅಂದರೆ, ಸುಮಾರು 3,500 ವರ್ಷಗಳ ಹಿಂದಿನ ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲೇ ಅದರ ಉಲ್ಲೇಖ ಇದೆ. ಸೊಪ್ಪು, ಬೇರು, ಖನಿಜಗಳ ಪುಡಿಯನ್ನು ಜೇನು, ಬ್ರೆಡ್ಡಿನ ಹಿಟ್ಟು, ಕೊಬ್ಬು ಇಂಥವುಗಳಲ್ಲಿ ಕಲಸಿ ಚಿಕ್ಕ ಉಂಡೆ ಮಾಡುತ್ತಿದ್ದರು. ನಮ್ಮ ವೈದ್ಯರೂ ಇದನ್ನೇ ಮಾಡಿದರು. ವಟಿ, ಗುಟಿಕೆ ಅಂತ ಹೆಸರಿಟ್ಟರು. ಯೋಗರಾಜ ಗುಗ್ಗುಳು, ತ್ರಿಫಲಾ ಗುಗ್ಗುಳು ಇಂಥ ಹೆಸರುಗಳನ್ನು ನೀವು ಕೇಳಿರುತ್ತೀರಿ. ಇಲ್ಲೊಂದು ಜಾಣತನ ಇದೆ. ಗುಗ್ಗುಳು ಒಂದು ಗಿಡದಿಂದ ಒಸರುವ ಅಂಟು, ರಾಳ ಎರಡೂ ಬೆರೆತ ವಸ್ತು. ಮಿಕ್ಕ ಪುಡಿಗಳ ಜೊತೆ ಸೇರಿಸಿ ಕುಟ್ಟಿದರೆ ಅದೇ ಅಂಟಿ ಉಂಡೆಯಾಗುತ್ತದೆ. ಅಂದರೆ ಒಂದೇ ವಸ್ತು ಔಷಧವೂ ಹೌದು, ಔಷಧವನ್ನು ಹಿಡಿದಿಡುವ ಕೈಯೂ ಹೌದು. ಯಾವುದು ಅಸಲಿ, ಯಾವುದು ಮಿಕ್ಕಿದ್ದು ಅನ್ನುವ ಗೆರೆಯೇ ಅಲ್ಲಿ ಇಲ್ಲ.

ಯುರೋಪಿನ ಔಷಧದಂಗಡಿಗಳಲ್ಲಿ ಆ ಗೆರೆ ನಿಧಾನಕ್ಕೆ ಮೂಡಿತು. ಹತ್ತೊಂಬತ್ತನೇ ಶತಮಾನದ ಅಂಗಡಿಯವನು ಔಷಧದ ಪುಡಿಗೆ ಗಮ್ ಅರೇಬಿಕ್ ಅನ್ನೋ, ಟ್ರಾಗಕಾಂತ್ ಅನ್ನೋ ಗಿಡದ ಅಂಟು, ಸ್ವಲ್ಪ ಸಿರಪ್, ಅತಿಮಧುರದ ಪುಡಿ ಹಾಕಿ ಖಲ್ಲಿನಲ್ಲಿ ನಾದುತ್ತಿದ್ದ. ನಾದಿದ್ದನ್ನು ಹಾವಿನಂತೆ ಉದ್ದಕ್ಕೆ ಹೊಸೆದು, ಗಾಡಿಗಳಿರುವ ಹಿತ್ತಾಳೆಯ ಮಣೆಯ ಮೇಲಿಟ್ಟು ಸಮನಾಗಿ ಕತ್ತರಿಸಿ ಉರುಟಿಸುತ್ತಿದ್ದ. ಚಕ್ಕುಲಿ ಹಿಟ್ಟು ಕಲಸಿದಂತೆ ಇದರಲ್ಲೂ ಹದವೇ ಮುಖ್ಯ. ಹದ ತಪ್ಪಿದರೆ ಉಂಡೆ ಪುಡಿಯಾಗುತ್ತೆ, ಇಲ್ಲವೇ ಕಲ್ಲಾಗುತ್ತೆ.

ಕಲ್ಲಾಗುವುದೇ ದೊಡ್ಡ ತೊಂದರೆ. ಅಂಟು ಒಣಗಿ ಗಟ್ಟಿಯಾದ ಮಾತ್ರೆ ಹೊಟ್ಟೆಗೆ ಹೋದ ಹಾಗೇ ಆಚೆ ಬರುತ್ತಿತ್ತು. ರೋಗಿ ದುಡ್ಡು ಕೊಟ್ಟು ಔಷಧ ನುಂಗಿದ್ದಾನೆ, ಪುಸ್ತಕದ ಪ್ರಕಾರ ಡೋಸ್ ಸರಿ ಇದೆ, ಆದರೆ ಮೈಗೆ ಏನೂ ಸೇರಿಲ್ಲ.

ಅಮೆರಿಕದ ಮಿಷಿಗನ್‌ನಲ್ಲಿದ್ದ ಡಾಕ್ಟರ್ ವಿಲಿಯಂ ಅಪ್‌ಜಾನ್ ಈ ಸಮಸ್ಯೆಯನ್ನು ಉಲ್ಟಾ ಕಡೆಯಿಂದ ಹಿಡಿದ. ನಾದಿ ಕತ್ತರಿಸುವುದನ್ನೇ ಬಿಟ್ಟು, ತಿರುಗುವ ಬಾಣಲೆಯಲ್ಲಿ ಚಿಕ್ಕ ಬೀಜದಂಥ ಕಣಗಳನ್ನು ಹಾಕಿ, ಅವುಗಳ ಮೇಲೆ ತುಸು ತೇವ, ತುಸು ಔಷಧದ ಪುಡಿ, ಮತ್ತೆ ತೇವ, ಮತ್ತೆ ಪುಡಿ, ಹೀಗೆ ಪದರ ಪದರವಾಗಿ ಬೆಳೆಸಿದ. ಜಾತ್ರೆಯಲ್ಲಿ ಬಣ್ಣದ ಸಕ್ಕರೆ ಕಾಳು ಮಾರುತ್ತಾರಲ್ಲ, ಅವುಗಳನ್ನು ಮಾಡುವ ಕ್ರಮವೂ ಇದೇ. 1885ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು, ಮರುವರ್ಷ ಕಲಮಜೂ ಊರಿನಲ್ಲಿ ಕಂಪನಿ ಶುರುವಾಯಿತು. ಹೆಬ್ಬೆರಳಿನಿಂದ ಅದುಮಿದರೆ ಪುಡಿಯಾಗುವ ಮಾತ್ರೆ ಅನ್ನುವುದೇ ಅವನ ಜಾಹೀರಾತು. ಮಾತ್ರೆ ಅದುಮುತ್ತಿರುವ ಹೆಬ್ಬೆರಳಿನ ಚಿತ್ರವೇ ಕಂಪನಿಯ ಗುರುತು. ಮಾರುಕಟ್ಟೆಯ ಬೇರೆ ಮಾತ್ರೆಗಳನ್ನು ಮೊಳೆಯ ಥರ ಸುತ್ತಿಗೆಯಲ್ಲಿ ಹಲಗೆಗೆ ಹೊಡೆಯಬಹುದು ಅಂತ ಅವನ ಕಂಪನಿ ಲೇವಡಿ ಮಾಡುತ್ತಿತ್ತು. ಗಮನಿಸಿ, ಅವನು ಹೊಸ ಔಷಧವನ್ನೇನೂ ಕಂಡುಹಿಡಿದಿರಲಿಲ್ಲ. ಹಳೆಯ ಔಷಧಗಳನ್ನೇ ಬೇರೆ ಥರ ಹಿಡಿದಿಟ್ಟ, ಅಷ್ಟೇ.

ಈಗ ನಮ್ಮ ಕ್ಯಾಪ್ಸೂಲಿನ ಕಾಳಿಗೆ ಬರೋಣ. ಫಾರ್ಮಾ ಭಾಷೆಯಲ್ಲಿ ಇವು ಪೆಲೆಟ್‌ಗಳು. ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ನಿಂದ ಒಂದೂವರೆ ಮಿಲಿಮೀಟರ್ ಗಾತ್ರ; ಗಸಗಸೆಗಿಂತ ಸ್ವಲ್ಪ ದೊಡ್ಡದು, ಸಾಸಿವೆಯಷ್ಟು. 1952ರಲ್ಲಿ ಫಿಲಡೆಲ್ಫಿಯಾದ ಸ್ಮಿತ್, ಕ್ಲೈನ್ ಆ್ಯಂಡ್ ಫ್ರೆಂಚ್ ಕಂಪನಿ 'ಸ್ಪ್ಯಾನ್‌ಸೂಲ್' ಅನ್ನುವ ಕ್ಯಾಪ್ಸೂಲನ್ನು ಮಾರುಕಟ್ಟೆಗೆ ತಂದಿತು. ಒಳಗೆ ನೂರಾರು ಕಾಳು. ಸಕ್ಕರೆ ಮತ್ತು ಪಿಷ್ಟದ ಬೀಜ, ಅದರ ಮೇಲೆ ಔಷಧ, ಅದರ ಮೇಲೆ ಮೇಣದಂಥ ಲೇಪ. ಲೇಪ ಎಲ್ಲದಕ್ಕೂ ಒಂದೇ ದಪ್ಪ ಇರಲಿಲ್ಲ. ತೆಳು ಲೇಪದ ಕಾಳು ಬೇಗ ಕರಗುತ್ತದೆ, ದಪ್ಪ ಲೇಪದ್ದು ತಡವಾಗಿ. ಹಾಗಾಗಿ ಬೆಳಿಗ್ಗೆ ಒಂದು ಕ್ಯಾಪ್ಸೂಲ್ ನುಂಗಿದರೆ ಔಷಧ ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಮೈಗೆ ಸೇರುತ್ತಾ ಹೋಗುತ್ತದೆ.

ಒಂದು ದೊಡ್ಡ ಮಾತ್ರೆಗಿಂತ ನೂರು ಕಾಳು ಯಾಕೆ ಮೇಲು? ಒಂದೇ ಮಾತ್ರೆಯ ಲೇಪದಲ್ಲಿ ಬಿರುಕು ಬಿಟ್ಟರೆ ಇಡೀ ಡೋಸ್ ಒಂದೇ ಸಲ ಸುರಿದುಹೋಗುತ್ತದೆ. ನೂರು ಕಾಳಿನಲ್ಲಿ ಒಂದರ ಲೇಪ ಒಡೆದರೆ ನೂರನೇ ಒಂದು ಭಾಗದ ಎಡವಟ್ಟು. ಒಂದೇ ಸರ್ವರ್ ಮೇಲೆ ಎಲ್ಲ ಭಾರ ಹಾಕಬೇಡ ಅಂತ ನಮ್ಮ ಫೀಲ್ಡಿನಲ್ಲಿ ಹೇಳಿಕೊಡುವ ಪಾಠವನ್ನು ಅವರು ನಮಗಿಂತ ಮೊದಲೇ ಕಲಿತಿದ್ದರು.

ಇಲ್ಲಿ ಒಂದು ಲೇಪದ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅದು ನಮ್ಮ ದೇಶದ್ದು: ಅರಗು. ಮುತ್ತುಗ, ಎಲಚಿಯಂಥ ಮರಗಳ ಕೊಂಬೆಯ ಮೇಲೆ ಗುಂಪುಗುಂಪಾಗಿ ಕೂರುವ ಚಿಕ್ಕ ಕೀಟಗಳು ತಮ್ಮ ರಕ್ಷಣೆಗೆ ಒಸರಿಸುವ ರಾಳ ಇದು. ಮಹಾಭಾರತದಲ್ಲಿ ಪಾಂಡವರನ್ನು ಸುಡಲು ಕಟ್ಟಿಸಿದ ಮನೆ ಇದರದ್ದೇ. ಚನ್ನಪಟ್ಟಣದ ಗೊಂಬೆಗಳ ಮೇಲಿನ ಹೊಳಪೂ ಇದರದ್ದೇ. ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ. ಅರಗಿನ ಒಂದು ಗುಣ ಔಷಧದವರಿಗೆ ವರವಾಯಿತು. ಅದು ಆಮ್ಲದಲ್ಲಿ ಕರಗುವುದಿಲ್ಲ, ಕ್ಷಾರದ ಕಡೆಗೆ ವಾಲಿದ ದ್ರವದಲ್ಲಿ ಕರಗುತ್ತದೆ. ಹೊಟ್ಟೆಯಲ್ಲಿ ಆಮ್ಲ, ಕರುಳಿನಲ್ಲಿ ಕೆಳಕೆಳಗೆ ಹೋದಂತೆ ಆಮ್ಲ ಇಲ್ಲ. ಹಾಗಾಗಿ ಅರಗಿನ ಲೇಪ ಇರುವ ಮಾತ್ರೆ ಹೊಟ್ಟೆಯನ್ನು ಕಣ್ಣುಮುಚ್ಚಿ ದಾಟಿ ಕರುಳಿನಲ್ಲಿ ಬಿಚ್ಚಿಕೊಳ್ಳುತ್ತದೆ. 1930ರ ಹೊತ್ತಿಗೆ ಅಮೆರಿಕದ ಫಾರ್ಮಸಿ ಪತ್ರಿಕೆಗಳಲ್ಲಿ ಅರಗಿನ ಲೇಪದ ಬಗ್ಗೆ ಬರೆಯುತ್ತಿದ್ದರು. ಅಷ್ಟರಲ್ಲಾಗಲೇ, 1924ರಲ್ಲಿ, ರಾಂಚಿಯ ಹತ್ತಿರ ನಾಮಕುಮ್‌ನಲ್ಲಿ ಅರಗಿಗೆಂದೇ ಒಂದು ಸಂಶೋಧನಾ ಸಂಸ್ಥೆ ಶುರುವಾಗಿತ್ತು.

ಆದರೆ ಅರಗಿಗೆ ಒಂದು ದೋಷ. ಈ ಕೊಯ್ಲಿನ ಅರಗು ಹೋದ ಕೊಯ್ಲಿನದರಂತೆ ಇರುವುದಿಲ್ಲ. ಮರ ಬೇರೆ, ಮಳೆ ಬೇರೆ, ಶುದ್ಧ ಮಾಡುವ ಕ್ರಮ ಬೇರೆ. ಇಟ್ಟರೆ ಹಳೆಯದಾಗಿ ಗುಣ ಬದಲಾಗುತ್ತದೆ. ಇದು ಅರಗಿನದ್ದೊಂದೇ ಕಥೆಯಲ್ಲ. ಮರದಿಂದ, ಗಿಡದಿಂದ, ಸಮುದ್ರದಿಂದ ಬರುವ ಎಲ್ಲ ಪಾಲಿಮರ್‌ಗಳ ಕಥೆಯೂ ಇದೇ. ಕಾರ್ಖಾನೆಗೆ ಬೇಕಾಗಿದ್ದು ಪ್ರತಿಸಲವೂ ಒಂದೇ ಥರ ನಡೆದುಕೊಳ್ಳುವ ವಸ್ತು.

ಅದು ಸಿಕ್ಕಿದ್ದು ಒಂದು ಮಿಕ್ಸಿಯಲ್ಲಿ. 1955ರ ಸುಮಾರಿಗೆ ಅಮೆರಿಕನ್ ವಿಸ್ಕೋಸ್ ಅನ್ನುವ ರೇಯಾನ್ ಬಟ್ಟೆಯ ಕಂಪನಿಯಲ್ಲಿ ಒರ್ಲಾಂಡೊ ಬಟಿಸ್ಟಾ ಅನ್ನುವ ಕೆಮಿಸ್ಟ್ ಸೆಲ್ಯುಲೋಸ್ ಬಗ್ಗೆ ಕೆಲಸ ಮಾಡುತ್ತಿದ್ದ. ಸೆಲ್ಯುಲೋಸ್ ಅಂದರೆ ಹತ್ತಿಯ, ಮರದ ಮೈಕಟ್ಟು. ಗ್ಲೂಕೋಸ್ ಮಣಿಗಳ ಬಹಳ ಉದ್ದದ ಸರ. ಅದನ್ನು ಆಮ್ಲದಲ್ಲಿ ಕುದಿಸಿದರೆ ಸಡಿಲವಾಗಿದ್ದ ಭಾಗಗಳು ಕರಗಿಹೋಗಿ, ಒತ್ತೊತ್ತಾಗಿ ಜೋಡಿಸಿಕೊಂಡ ಹರಳುಗಳು ಮಾತ್ರ ಉಳಿಯುತ್ತವೆ. ಆ ಪುಡಿಯನ್ನು ನೀರಿನ ಜೊತೆ ಮಿಕ್ಸಿಗೆ ಹಾಕಿ ಜೋರಾಗಿ ತಿರುಗಿಸಿದಾಗ ಅದು ಮರಳಿನ ಹಾಗೆ ತಳ ಸೇರಬೇಕಿತ್ತು. ಸೇರಲಿಲ್ಲ. ಬೆಣ್ಣೆಯಂಥ ಬಿಳಿ ಮುದ್ದೆಯಾಗಿ ಹಾಗೇ ನಿಂತಿತು. ಅದೇ ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್. 1960ರ ದಶಕದಲ್ಲಿ 'ಅವಿಸೆಲ್' ಅನ್ನುವ ಹೆಸರಿನಲ್ಲಿ ಮಾತ್ರೆ ಮಾಡುವವರ ಕೈಗೆ ಬಂತು. ಇವತ್ತು ನಿಮ್ಮ ಮನೆಯ ಔಷಧದ ಡಬ್ಬಿಯಲ್ಲಿರುವ ಮಾತ್ರೆಗಳಲ್ಲಿ ಒಂದಾದರೂ ಇದನ್ನು ಹೊಂದಿರುತ್ತದೆ ಅಂತ ಧೈರ್ಯವಾಗಿ ಹೇಳಬಹುದು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಜಪಾನಿನಲ್ಲಿ ನಕಹಾರಾ ಅನ್ನುವವರು ಒಂದು ಯಂತ್ರ ಮಾಡಿದರು. ಹೆಸರು ಮಾರುಮರೈಸರ್; ಜಪಾನಿ ಭಾಷೆಯಲ್ಲಿ 'ಮಾರು' ಅಂದರೆ ದುಂಡು. ಇದರ ಕೆಲಸ ಹಳ್ಳಿಯವರಿಗೆ ಬೇಗ ಅರ್ಥವಾಗುತ್ತೆ. ಮೊದಲು ಔಷಧ ಮತ್ತು ಎಕ್ಸಿಪಿಯೆಂಟನ್ನು ನೀರು ಹಾಕಿ ಹಿಟ್ಟಿನಂತೆ ಕಲಸುತ್ತಾರೆ. ಅದನ್ನು ಶಾವಿಗೆ ಒರಳಿನಂಥದ್ದರಲ್ಲಿ ಒತ್ತಿ, ಸಣ್ಣ ತೂತುಗಳಿಂದ ಎಳೆಗಳನ್ನು ಇಳಿಸುತ್ತಾರೆ. ಆ ಒದ್ದೆ ಶಾವಿಗೆಯನ್ನು ಮಾರುಮರೈಸರ್‌ಗೆ ಸುರಿದರೆ, ಅದರ ತಳದಲ್ಲಿ ಗೀರು ಗೀರು ಹಾಕಿದ ತಟ್ಟೆಯೊಂದು ಗರಗರ ತಿರುಗುತ್ತಿರುತ್ತದೆ. ಎಳೆಗಳು ತುಂಡಾಗಿ, ಗೋಡೆಗೆ ಬಡಿದು, ಒಂದರ ಮೇಲೊಂದು ಉರುಳಿ, ಕೆಲವೇ ನಿಮಿಷಗಳಲ್ಲಿ ದುಂಡಗಿನ ಕಾಳುಗಳಾಗುತ್ತವೆ. ಒಣಗಿಸಿದರೆ ಮುಗಿಯಿತು. 1970ರಲ್ಲಿ ಕೋನೈನ್ ಮತ್ತು ಹ್ಯಾಡ್ಲಿ ಅನ್ನುವ ಇಬ್ಬರು ಈ ವಿಧಾನವನ್ನು ಔಷಧಕ್ಕೆ ಹೇಗೆ ಬಳಸಬಹುದು ಅಂತ ವಿವರವಾಗಿ ಬರೆದ ಮೇಲೆ ಅದು ಎಲ್ಲ ಕಡೆ ಹರಡಿತು.

ಯಂತ್ರ ಎಷ್ಟೇ ಚೆನ್ನಾಗಿದ್ದರೂ ಹಿಟ್ಟಿನ ಹದ ಸರಿ ಇರಬೇಕು. ಬಹಳಷ್ಟು ಔಷಧಗಳ ಪುಡಿ ನೀರು ಹಾಕಿದರೆ ಒಂದೋ ಕೆಸರಾಗುತ್ತೆ, ಇಲ್ಲ ಮರಳಿನಂತೆ ಉದುರುತ್ತೆ. ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ ಸೇರಿಸಿದರೆ ಅದು ಸ್ಪಂಜಿನ ಹಾಗೆ ನೀರನ್ನು ಹಿಡಿದುಕೊಳ್ಳುತ್ತದೆ. ಒತ್ತಿದಾಗ ಬೇಕಾದಷ್ಟೇ ಬಿಟ್ಟುಕೊಟ್ಟು ಎಳೆ ಜಾರುವಂತೆ ಮಾಡುತ್ತದೆ, ಆಮೇಲೆ ಮತ್ತೆ ಹೀರಿಕೊಳ್ಳುತ್ತದೆ. ಹೀಗಾಗಿ ಪೆಲೆಟ್ ಲೋಕದಲ್ಲಿ ಇದು ಕಣ್ಣುಮುಚ್ಚಿ ಆರಿಸುವ ಡೀಫಾಲ್ಟ್ ಆಯಿತು.

ಇಷ್ಟು ಹೊತ್ತಿಗೆ ಪ್ಯಾಕೆಟ್ಟಿನ ಮೇಲೆ ಇದಕ್ಕೆಲ್ಲ ಒಂದೇ ಹಣೆಪಟ್ಟಿ: 'ಇನ್‌ಆ್ಯಕ್ಟಿವ್', ಅಂದರೆ ಏನೂ ಮಾಡದ್ದು. ಈ ಹಣೆಪಟ್ಟಿ ಎಷ್ಟು ಸುಳ್ಳು ಅಂತ 1968ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಜನ ಮೈಮೇಲೆ ಅನುಭವಿಸಿದರು. ಮೂರ್ಛೆ ರೋಗಕ್ಕೆ ಫೆನಿಟೊಯಿನ್ ತೆಗೆದುಕೊಳ್ಳುತ್ತಿದ್ದವರು ಒಬ್ಬರಾದ ಮೇಲೊಬ್ಬರು ಓಲಾಡುತ್ತಾ ಆಸ್ಪತ್ರೆಗೆ ಬರತೊಡಗಿದರು. ಔಷಧ ಅದೇ, ಡೋಸ್ ಅದೇ, ವರ್ಷಗಟ್ಟಲೆ ನುಂಗಿ ಅಭ್ಯಾಸ ಆಗಿದ್ದ ಕ್ಯಾಪ್ಸೂಲ್ ಅದೇ. ಆದರೆ ರಕ್ತ ಪರೀಕ್ಷೆ ಮಾಡಿದರೆ ಔಷಧ ವಿಷದ ಮಟ್ಟ ಮುಟ್ಟಿತ್ತು. ಹುಡುಕಿದಾಗ ಗೊತ್ತಾಗಿದ್ದು ಇಷ್ಟು: ಕ್ಯಾಪ್ಸೂಲ್ ತುಂಬಿಸಲು ಬಳಸುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟ್ ತೆಗೆದು ಲ್ಯಾಕ್ಟೋಸ್ ಹಾಕಿದ್ದರು. ಹಳೆಯ ತುಂಬುವಸ್ತು ಇದ್ದಾಗ ಔಷಧ ಪೂರ್ತಿ ಮೈಗೆ ಸೇರುತ್ತಿರಲಿಲ್ಲ; ವೈದ್ಯರು ಅದಕ್ಕೆ ಹೊಂದುವ ಡೋಸ್ ಕೊಟ್ಟಿದ್ದರು. ಹೊಸದು ಬಂದ ಮೇಲೆ ಹೆಚ್ಚು ಸೇರತೊಡಗಿತು.

ಕೋಡ್ ಬರೆಯುವವರಿಗೆ ಇದು ಎಲ್ಲೋ ಕೇಳಿದ ಕಥೆ ಅನ್ನಿಸುತ್ತೆ ಅಲ್ವಾ? ನಾವು ಬರೆದಿದ್ದರಲ್ಲಿ ಒಂದು ಸಾಲೂ ಬದಲಾಗಿಲ್ಲ, ಯಾರೋ ಒಂದು ಲೈಬ್ರರಿಯ ವರ್ಷನ್ ಬದಲಿಸಿದ್ದಾರೆ, ಪ್ರೊಡಕ್ಷನ್ ಮಲಗಿದೆ. ನಮ್ಮಲ್ಲಿ ಒಂದು ರಾತ್ರಿಯ ನಿದ್ದೆ ಹೋಗುತ್ತೆ. ಅಲ್ಲಿ ಹೋಗಿದ್ದು ರೋಗಿಗಳ ಆರೋಗ್ಯ.

ಅಮ್ಮನ ಒಮೆಪ್ರಜೋಲ್ ಕಾಳನ್ನೇ ತಗೊಳ್ಳಿ. ಸ್ವೀಡನ್ನಿನ ಆಸ್ಟ್ರಾ ಕಂಪನಿ 1988ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಆಮ್ಲದಿಂದ ಕಾಪಾಡಲು ಹೊರಗೊಂದು ಕವಚ ಬೇಕು. ಆದರೆ ಆ ಕವಚದ ಪಾಲಿಮರ್‌ಗೇ ಸ್ವಲ್ಪ ಆಮ್ಲದ ಗುಣ ಇರುತ್ತದೆ! ಔಷಧಕ್ಕೆ ಅದು ತಾಗಿದರೆ ಡಬ್ಬಿಯಲ್ಲೇ ಕೆಡುತ್ತದೆ. ಹಾಗಾಗಿ ಔಷಧ ಮತ್ತು ಕವಚದ ನಡುವೆ ಇನ್ನೊಂದು ತೆಳು ಪದರ. ಸಾಮಾನ್ಯವಾಗಿ ಅದು ಸೆಲ್ಯುಲೋಸಿನಿಂದಲೇ ಮಾಡಿದ ಪಾಲಿಮರ್. ಅಮೆರಿಕದಲ್ಲಿ ಒಮೆಪ್ರಜೋಲ್ ಅಣುವಿನ ಪೇಟೆಂಟ್ 2001ರಲ್ಲಿ ಮುಗಿಯಿತು. ಅಗ್ಗದ ಜೆನೆರಿಕ್ ಬರಬೇಕಿತ್ತು. ಆದರೆ ಆ ನಡುವಿನ ಪದರದ ಪೇಟೆಂಟ್ ಇನ್ನೂ ಜೀವಂತ ಇತ್ತು. ಕೋರ್ಟಿಗೆ ಹೋದರು. 2002ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಆ ಪೇಟೆಂಟುಗಳನ್ನು ಎತ್ತಿಹಿಡಿದು, ಎದುರಿದ್ದ ನಾಲ್ಕು ಜೆನೆರಿಕ್ ತಯಾರಕರಲ್ಲಿ ಮೂವರು ಅವನ್ನು ಉಲ್ಲಂಘಿಸಿದ್ದಾರೆ ಅಂದಿತು. ಏನೂ ಮಾಡದ ಪದರಕ್ಕಾಗಿ ಇಷ್ಟು ದೊಡ್ಡ ಜಗಳ ಯಾರೂ ಆಡುವುದಿಲ್ಲ.

ಇನ್ನು ಡೀಫಾಲ್ಟ್ ಆಗಿದ್ದ ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸಿನ ಕಥೆ. ಅದರ ಗುಣವೇ ಅದರ ದೋಷವೂ ಆಯಿತು. ಅದರ ಕಾಳುಗಳು ಎಷ್ಟು ಬಿಗಿ ಅಂದರೆ ನೀರಿನಲ್ಲಿ ಒಡೆಯುವುದೇ ಇಲ್ಲ. ಸುಲಭವಾಗಿ ಕರಗದ ಔಷಧ ಒಳಗಿದ್ದರೆ ಅದು ನಿಧಾನವಾಗಿ ಜಿನುಗುತ್ತದೆ. ಬೇಗ ಕೆಲಸ ಮಾಡಬೇಕಾದ ಔಷಧಕ್ಕೆ ಇದು ಆಗಿಬರುವುದಿಲ್ಲ. ಒಂದು ರೀತಿಯಲ್ಲಿ ಅಪ್‌ಜಾನ್ ಕಾಲದ ಕಲ್ಲು ಮಾತ್ರೆಯ ತೊಂದರೆಯೇ ನೂರು ವರ್ಷ ಬಿಟ್ಟು ಹೊಸ ವೇಷದಲ್ಲಿ ಬಂದಿತ್ತು.

ಹಾಗಾಗಿ 2000ರ ನಂತರ ಸಂಶೋಧಕರು ಮತ್ತೆ ಮರ, ಗಿಡ, ಸಮುದ್ರದ ಕಡೆ ತಿರುಗಿದರು. ಜರ್ಮನಿಯ ಡಸೆಲ್ಡಾರ್ಫ್‌ನ ವಿಶ್ವವಿದ್ಯಾಲಯದಲ್ಲಿ ಥೊಮ್ಮೆಸ್ ಮತ್ತು ಕ್ಲೈನೆಬುಡೆ 2006ರಲ್ಲಿ ಕಡಲ ಪಾಚಿಯಿಂದ ತೆಗೆಯುವ ಕ್ಯಾರಗೀನನ್ ಬಳಸಿ ದುಂಡಗಿನ ಪೆಲೆಟ್ ಮಾಡಿ ತೋರಿಸಿದರು. ಈ ಕಾಳುಗಳು ನೀರಿಗೆ ಬಿದ್ದರೆ ಒಡೆಯುತ್ತವೆ, ಔಷಧ ಬೇಗ ಹೊರಬರುತ್ತದೆ. ಐರ್ಲೆಂಡಿನ ಕರಾವಳಿಯ ಬಡವರು ಅದೇ ಜಾತಿಯ ಪಾಚಿಯನ್ನು ಹಾಲಿನಲ್ಲಿ ಕುದಿಸಿ ತಿನ್ನುತ್ತಿದ್ದರು; ಕ್ಯಾರಗೀನನ್ ಅನ್ನುವ ಹೆಸರು ಬಂದಿದ್ದೂ ಅಲ್ಲಿಂದಲೇ. ಹಣ್ಣಿನ ಸಿಪ್ಪೆಯ ಪೆಕ್ಟಿನ್, ಬದಲಾಯಿಸಿದ ಪಿಷ್ಟ, ಸಿಗಡಿ ಚಿಪ್ಪಿನಿಂದ ಬರುವ ಕೈಟೋಸಾನ್, ಎಲ್ಲದರ ಮೇಲೂ ಪ್ರಯೋಗಗಳಾದವು.

ಗೋರಿಕಾಯಿ ಬೀಜದ ಗ್ವಾರ್ ಗಮ್ಮಿನದ್ದು ಇನ್ನೊಂದು ಕಥೆ. ಉತ್ತರ ಕರ್ನಾಟಕದವರು ಚವಳಿಕಾಯಿ ಅನ್ನುತ್ತೀರಲ್ಲ, ಅದೇ. ಇದನ್ನು ಮನುಷ್ಯನ ಹೊಟ್ಟೆ ಅರಗಿಸಲಾರದು, ಆದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ತಿಂದುಹಾಕುತ್ತವೆ. ಹಾಗಾಗಿ ಔಷಧವನ್ನು ನೇರ ದೊಡ್ಡ ಕರುಳಿಗೇ ತಲುಪಿಸಲು ಇದು ಒಳ್ಳೆಯ ಬೀಗ. ಕೀಲಿ ಇರುವುದು ಬ್ಯಾಕ್ಟೀರಿಯಾ ಹತ್ತಿರ ಮಾತ್ರ. ಆದರೆ 2012ರಲ್ಲಿ ಅಮೆರಿಕದ ತೈಲ ಬಾವಿಗಳವರು ಬಂಡೆ ಸೀಳುವ ದ್ರವಕ್ಕೆ ಇದೇ ಗಮ್ಮನ್ನು ಟನ್ನುಗಟ್ಟಲೆ ಕೊಳ್ಳತೊಡಗಿದಾಗ, ರಾಜಸ್ಥಾನದಲ್ಲಿ ಗ್ವಾರ್ ಬೀಜದ ಬೆಲೆ ಕ್ವಿಂಟಾಲಿಗೆ 30 ಸಾವಿರ ರೂಪಾಯಿ ದಾಟಿ, ಸರ್ಕಾರ ಅದರ ವಾಯದಾ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ಗಮ್ ಅರೇಬಿಕ್ ಇನ್ನೂ ಸೂಕ್ಷ್ಮ. ಅದರ ದೊಡ್ಡ ಪಾಲು ಬರುವುದು ಸುಡಾನ್‌ನಿಂದ. ಅಲ್ಲಿನ ರೈತರು ಮರದ ತೊಗಟೆ ಕೆತ್ತಿ, ವಾರಗಳ ನಂತರ ಒಸರಿ ಗಟ್ಟಿಯಾದ ಅಂಟನ್ನು ಕೈಯಲ್ಲೇ ಕೀಳುತ್ತಾರೆ. 1997ರಲ್ಲಿ ಅಮೆರಿಕ ಸುಡಾನ್ ಮೇಲೆ ವ್ಯಾಪಾರ ನಿರ್ಬಂಧ ಹಾಕಿದಾಗಲೂ ಈ ಅಂಟಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಅದಿಲ್ಲದೆ ನಡೆಯುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. 2023ರ ಏಪ್ರಿಲ್‌ನಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾದಾಗ ದೂರದ ದೇಶಗಳ ಕಾರ್ಖಾನೆಗಳಲ್ಲಿ ಗೋದಾಮಿನ ಲೆಕ್ಕ ಹಾಕತೊಡಗಿದ್ದೂ ಅದಕ್ಕೇ.

ಇನ್ನೊಂದು ಬೀಜ ನಮ್ಮ ಕಾಲಕೆಳಗೇ ಇತ್ತು. ಹುಣಸೆ ಬೀಜ. ಚಿಕ್ಕವರಿದ್ದಾಗ ತೇಯ್ದು ಚೌಕಾಬಾರದ ದಾಳ ಮಾಡಿದ್ದೇವೆ, ಅಳಗುಳಿಮಣೆಯಲ್ಲಿ ಆಡಿದ್ದೇವೆ, ಹುರಿದು ತಿಂದಿದ್ದೇವೆ. ನಮ್ಮ ತುಮಕೂರು, ಚಿತ್ರದುರ್ಗದ ಕಡೆ ಕಂಬಳಿ ನೇಯುವ ಕುರುಬರು ಹುಣಸೆ ಬೀಜವನ್ನು ಅರೆದು ಕುದಿಸಿ, ಆ ಗಂಜಿಯನ್ನು ಉಣ್ಣೆಯ ನೂಲಿಗೆ ಬಳಿಯುತ್ತಾರೆ. ನೂಲು ಬಿಗಿಯಾಗುತ್ತದೆ, ಮಗ್ಗದಲ್ಲಿ ಕಡಿಯುವುದಿಲ್ಲ. ಆ ಗಂಜಿಯಲ್ಲಿರುವುದು ಕ್ಸೈಲೊಗ್ಲೂಕನ್ ಅನ್ನುವ ಪಾಲಿಮರ್. 1940ರ ದಶಕದಲ್ಲಿ ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ಬೀಜದಿಂದ ಬೇರ್ಪಡಿಸಿ ಶುದ್ಧ ಮಾಡುವ ಕ್ರಮವನ್ನು ಪ್ರಕಟಿಸಿದರು. ಬಟ್ಟೆ ಗಿರಣಿಗಳು ಪಿಷ್ಟದ ಬದಲು ಬಳಸಿದವು. ಈಗ ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಅದರಿಂದ ಮಾತ್ರೆ, ಪೆಲೆಟ್‌ಗಳನ್ನು ಮಾಡಿ ನೋಡುತ್ತಾರೆ. ಕಣ್ಣಿನ ಹನಿಯಲ್ಲೂ ಬಳಸುತ್ತಾರೆ.

'ನೈಸರ್ಗಿಕ' ಅಂದ ಮಾತ್ರಕ್ಕೆ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಅಮ್ಮನ ಕಾಳಿನ ಹೊರಕವಚ ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಹುಟ್ಟಿದ ಪಾಲಿಮರ್, ಅದು ತನ್ನ ಕೆಲಸ ಚೆನ್ನಾಗೇ ಮಾಡುತ್ತೆ. ಮರಕ್ಕೆ ರಿಲೀಸ್ ನೋಟ್ಸ್ ಬರೆದು ಅಭ್ಯಾಸ ಇಲ್ಲ. ಈ ವರ್ಷದ ಅಂಟು ಯಾಕೆ ಹೋದ ವರ್ಷದಷ್ಟು ಗಟ್ಟಿ ಇಲ್ಲ ಅಂತ ಅದು ಹೇಳುವುದಿಲ್ಲ. ಪ್ರಯೋಗಾಲಯದಲ್ಲಿ ಗೆದ್ದ ಎಷ್ಟೋ ಅಂಟುಗಳು ಕಾರ್ಖಾನೆಯ ಬಾಗಿಲಲ್ಲಿ ನಿಂತುಬಿಡುವುದು ಇದಕ್ಕೇ. ನಾನು ಹೇಳುತ್ತಿರುವುದು ಇಷ್ಟೇ: ಔಷಧದ ಚರಿತ್ರೆಯನ್ನು ನಾವು ಅಣು ಕಂಡುಹಿಡಿದವರ ಹೆಸರಿನಲ್ಲಿ ಓದುತ್ತೇವೆ. ಆದರೆ ಆ ಅಣು ನಮ್ಮ ಮೈಯಲ್ಲಿ ಕೆಲಸ ಮಾಡಿದ್ದು, ಅದನ್ನು ಹಿಡಿದಿಡಲು ಗೊತ್ತಿದ್ದವರಿಂದ. ಅರಗು ಕೀಳುವವರು, ಅಂಟು ಕೀಳುವವರು, ಪಾಚಿ ಬೇಯಿಸಿದವರು, ಬೀಜ ಅರೆದವರು. ಅವರ ಹೆಸರು ಯಾವ ಪ್ಯಾಕೆಟ್ಟಿನ ಮೇಲೂ ಇಲ್ಲ. 'ಇನ್‌ಆ್ಯಕ್ಟಿವ್' ಅನ್ನುವ ಪದದೊಳಗೆ ಸೇರಿಹೋಗಿದೆ.

ಅಮ್ಮನನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ನಕ್ಕು, ಕುಟ್ಟುವುದು ಬೇಡ, ಅಗಿಯುವುದೂ ಬೇಡ ಅಂತ ಹೇಳಿ, ನುಂಗುವ ಕ್ರಮ ಹೇಳಿಕೊಟ್ಟರು. ಮೂರು ವಾರಕ್ಕೆ ಉರಿ ಇಳಿಯಿತು. ಹೋದ ತಿಂಗಳು ಫೋನಿನಲ್ಲಿ ಈ ಕಥೆಯನ್ನೆಲ್ಲ ಹೇಳಿದೆ. ಮುತ್ತುಗದ ಮರ, ಗೋರಿಕಾಯಿ, ಹುಣಸೆ ಬೀಜ, ಕಂಬಳಿ ಗಂಜಿ ಎಲ್ಲ. ಪೂರ್ತಿ ಕೇಳಿಸಿಕೊಂಡು ಅಮ್ಮ ಅಂದಳು: "ಅದೇ ಮತ್ತೆ. ಮುದ್ದೆ ನುಂಗೋಕೆ ಸಾರು ಬೇಕಲ್ಲಪ್ಪ. ಸಾರನ್ನ ಯಾರಾದ್ರೂ ಕಲಬೆರಕೆ ಅಂತಾರಾ?"